ಮದುವೆ ತ್ರಿಯುಗಿಯಲ್ಲಿ, ರಜೆ ಕಾಡಿನಲ್ಲಿ

ಗೆಳೆಯನ ಮದುವೆಯ ಕರೆಯೋಲೆ ಬಂದಾಗ ಮೊದಲು ಮುಹೂರ್ತ ನೋಡಿದೆವು, ಆಮೇಲೆ ಸ್ಥಳ. ಉತ್ತರಾಖಂಡದ ರುದ್ರಪ್ರಯಾಗ ಜಿಲ್ಲೆಯ ತ್ರಿಯುಗಿನಾರಾಯಣ, ಮೇ ಕೊನೆಯ ವಾರ. ಶಿವ ಪಾರ್ವತಿಯರ ಮದುವೆ ನಡೆದದ್ದು ಇಲ್ಲೇ, ಕನ್ಯೆಯ ಕಡೆಯಿಂದ ನಿಂತವನು ವಿಷ್ಣು ಎಂದು ಸ್ಥಳಪುರಾಣ. ಅಂದು ಹೊತ್ತಿಸಿದ ಹೋಮಕುಂಡ ಇನ್ನೂ ಆರಿಲ್ಲ ಎಂಬ ನಂಬಿಕೆಯಿಂದಾಗಿ ದೇಶದ ಮೂಲೆಮೂಲೆಯಿಂದ ಜೋಡಿಗಳು ಇಲ್ಲಿಗೆ ಬಂದು ಆ ಅಗ್ನಿಯ ಮುಂದೆ ಸಪ್ತಪದಿ ತುಳಿಯುತ್ತಾರೆ.

ಬೆಂಗಳೂರಿನಿಂದ ಅಲ್ಲಿಗೆ ಹೋಗಲು ಎರಡು ದಿನ, ಬರಲು ಎರಡು ದಿನ. ಊಟ ಮುಗಿಸಿ ಕೈತೊಳೆದು ವಾಪಸು ಹೊರಡುವುದಕ್ಕೆ ಅಷ್ಟು ದೂರ ಹೋಗಬೇಕೇ? ಇನ್ನು ನಾಲ್ಕು ದಿನ ರಜೆ ಸೇರಿಸಿದರೆ ದೇವರಿಯಾ ತಾಲ್ ಕೆರೆ, ಚೋಪ್ತಾದ ಹುಲ್ಲುಗಾವಲು, ತುಂಗನಾಥ ದೇವಸ್ಥಾನ, ಚಂದ್ರಶಿಲಾ ಶಿಖರ ಎಲ್ಲವೂ ದಕ್ಕುತ್ತವೆ. ನಾವು ನಾಲ್ವರು ಹೀಗೇ ಮಾಡಿದೆವು. ನಮ್ಮ ತಪ್ಪುಗಳನ್ನೂ ಸೇರಿಸಿ ಹೇಳುತ್ತೇನೆ.

ಮೊದಲು ಮದುವೆ, ಆಮೇಲೆ ಬೆಟ್ಟ

ಈ ಕ್ರಮವನ್ನು ತಿರುವುಮುರುವು ಮಾಡಬೇಡಿ. ಮದುವೆಗೆ ಮುಂಚೆ ಚಾರಣಕ್ಕೆ ಹೋಗಿ ಕಾಲು ಉಳುಕಿಸಿಕೊಂಡರೆ ಫೋಟೊಗಳಲ್ಲೆಲ್ಲ ನೀವು ಕುಳಿತೇ ಇರುತ್ತೀರಿ. ಅದಕ್ಕಿಂತ ದೊಡ್ಡ ಕಾರಣ ಎತ್ತರ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಮೇಲಿದೆ, ತ್ರಿಯುಗಿನಾರಾಯಣ ಸುಮಾರು 1,980 ಮೀಟರ್. ಅರಿಸಿನ, ಮೆಹೆಂದಿ, ಧಾರೆ ಎಂದು ಅಲ್ಲಿ ಕಳೆಯುವ ಎರಡು ಮೂರು ರಾತ್ರಿಗಳಲ್ಲಿ ದೇಹ ತಾನಾಗಿಯೇ ಬೆಟ್ಟದ ಗಾಳಿಗೆ ಹೊಂದಿಕೊಳ್ಳುತ್ತದೆ. ನಂತರ ದೇವರಿಯಾ ತಾಲ್ ಸುಮಾರು 2,400, ಚೋಪ್ತಾ 2,700ರ ಆಸುಪಾಸು, ತುಂಗನಾಥ 3,680, ಚಂದ್ರಶಿಲಾ ಹೆಚ್ಚುಕಡಿಮೆ 4,000 ಮೀಟರ್. ಒಂದೊಂದೇ ಮೆಟ್ಟಿಲು ಹತ್ತಿದ ಹಾಗೆ. ತಲೆನೋವಿನ ಜೊತೆ ವಾಕರಿಕೆ ಬಂದರೆ ಮಾತ್ರೆ ನುಂಗಿ ಮೇಲೆ ಹತ್ತುವ ಹಟ ಬೇಡ, ಇಳಿಯಿರಿ.

ಇನ್ನೊಂದು ಮಾತು. ನಿಮ್ಮ ಯೋಜನೆಯನ್ನು ಮದುಮಗನಿಗೆ ಮೊದಲೇ ತಿಳಿಸಿ, ಆದರೆ ಮದುವೆಯ ದಿನ ಅದರ ಸುದ್ದಿ ಎತ್ತಬೇಡಿ. ಹಿಂದಿನ ರಾತ್ರಿ ನಾವು ಮೂಲೆಯಲ್ಲಿ ನಕಾಶೆ ಹರಡಿಕೊಂಡು ಕುಳಿತಿದ್ದೆವು. ಅವನ ತಾಯಿ ಬಂದು, “ಏನ್ರಪ್ಪಾ, ಮದುವೆಗೆ ಬಂದಿದ್ದೀರೋ, ಭೂಗೋಳದ ಪರೀಕ್ಷೆಗೋ?” ಎಂದು ಕೇಳಿ ಹೂವಿನ ಬುಟ್ಟಿಗಳನ್ನು ಕೈಗಿತ್ತರು. ನಕಾಶೆ ಜೇಬು ಸೇರಿತು.

ದಾರಿ ಮತ್ತು ಟಿಕೆಟ್

ಡೆಹ್ರಾಡೂನ್‌ವರೆಗೆ ವಿಮಾನ, ಅಥವಾ ದೆಹಲಿ ಮೂಲಕ ಹರಿದ್ವಾರಕ್ಕೆ ರೈಲು. ರೈಲಿನ ಮುಂಗಡ ಬುಕಿಂಗ್ ಈಗ 60 ದಿನ ಮೊದಲಷ್ಟೇ ತೆರೆಯುತ್ತದೆ, ದಿನ ಗುರುತು ಹಾಕಿಕೊಳ್ಳಿ. ಋಷಿಕೇಶದಲ್ಲಿ ಒಂದು ರಾತ್ರಿ ತಂಗಿ ಬೆಳಗಿನ ಜಾವ ಹೊರಟರೆ ದೇವಪ್ರಯಾಗ, ಶ್ರೀನಗರ (ಕಾಶ್ಮೀರದ್ದಲ್ಲ, ಗಢವಾಲಿನದು), ರುದ್ರಪ್ರಯಾಗ, ಗುಪ್ತಕಾಶಿ, ಸೋನಪ್ರಯಾಗ ದಾಟಿ ಸಂಜೆಗೆ ತ್ರಿಯುಗಿನಾರಾಯಣ. ಇನ್ನೂರು ಚಿಲ್ಲರೆ ಕಿಲೋಮೀಟರಿಗೆ ಇಡೀ ದಿನವೇ ಎಂದು ಹುಬ್ಬೇರಿಸಬೇಡಿ. ಮೇ, ಜೂನ್ ಎಂದರೆ ಕೇದಾರ ಯಾತ್ರೆಯ ಕಾಲ. ವಾಹನಗಳ ಸಾಲು ಇರುವೆ ಸಾಲಿನಂತೆ ಸಾಗುತ್ತದೆ.

ದಾರಿಯ ತಪಾಸಣೆಯಲ್ಲಿ ನಮ್ಮ ಜೀಪು ನಿಲ್ಲಿಸಿ ಯಾತ್ರೆಯ ನೋಂದಣಿ ಎಲ್ಲಿ ಎಂದು ಕೇಳಿದರು. ನಾವು ತೋರಿಸಿದ್ದು ಲಗ್ನಪತ್ರಿಕೆ. ಪೊಲೀಸಿನವರು ಕನ್ನಡ ಅಕ್ಷರಗಳನ್ನು ಮೇಲೆ ಕೆಳಗೆ ಮಾಡಿ ನೋಡಿದರು, ಹಿಂದಿನ ಪುಟದಲ್ಲಿದ್ದ ದೇವಸ್ಥಾನದ ಚಿತ್ರದ ಮೇಲೆ ಬೆರಳಿಟ್ಟು “ಶಾದಿ?” ಎಂದು ನಕ್ಕು ಬಿಟ್ಟುಕೊಟ್ಟರು. ಮುದ್ರಿತ ಪತ್ರಿಕೆ ಮತ್ತು ಗುರುತಿನ ಚೀಟಿ ಕೈಗೆ ಸಿಗುವಂತೆ ಇಟ್ಟುಕೊಳ್ಳಿ. ಎಲ್ಲರೂ ನಗುತ್ತಾರೆಂಬ ಖಾತರಿಯಿಲ್ಲ, ಆದ್ದರಿಂದ ಹೊರಡುವ ಮೊದಲು ಆ ವರ್ಷದ ನಿಯಮ ವಿಚಾರಿಸಿ.

“ಅಷ್ಟು ದೂರ ಹೋಗಿ ಕೇದಾರ ನೋಡದೆ ಬರುವುದೇ?” ಎಂದು ಮನೆಯಲ್ಲಿ ಕೇಳಿಯೇ ಕೇಳುತ್ತಾರೆ. ನನ್ನ ಉತ್ತರ: ಅದು ಯಾತ್ರೆ, ಅದಕ್ಕೆ ಬೇರೆ ನೋಂದಣಿ, ಬೇರೆ ಮನಸ್ಸು, ಬೇರೆ ರಜೆ ಬೇಕು.

ಎರಡು ಚೀಲ

ನಮ್ಮ ದೊಡ್ಡ ತಪ್ಪು ಇಲ್ಲೇ ಆದದ್ದು. ರೇಷ್ಮೆ ಸೀರೆ, ಜರಿ ಪಂಚೆ, ಚಾರಣದ ಬೂಟು ಎಲ್ಲವನ್ನೂ ಒಂದೇ ಸೂಟ್‌ಕೇಸಿಗೆ ತುರುಕಿದೆವು. ಸೀರೆಯ ಅಂಚಿಗೆ ಬೂಟಿನ ಮಣ್ಣು ಮೆತ್ತಿಕೊಂಡಿತು. ಗೆಳತಿ ಧಾರೆ ಮುಗಿಯುವವರೆಗೂ ಆ ಮಗ್ಗುಲನ್ನು ಮುಚ್ಚಿಕೊಂಡೇ ನಿಂತಳು. ಮದುವೆಯ ಬಟ್ಟೆಗೆ ಒಂದು ಚೀಲ, ಬೆಟ್ಟಕ್ಕೆ ಬೆನ್ನಿಗೇರಿಸುವ ಇನ್ನೊಂದು. ಮದುವೆ ಮುಗಿದ ಮೇಲೆ ಮೊದಲನೆಯದನ್ನು ಊರಿಗೆ ಹೊರಟ ಬಂಧುಗಳ ಕೈಯಲ್ಲಿ ಕಳುಹಿಸಿಬಿಡಿ. ಉಡುಗೊರೆಯೆಂದು ಹಿತ್ತಾಳೆ ದೀಪದ ಕಂಬ ಹೊತ್ತೊಯ್ಯುವುದಕ್ಕಿಂತ ಮುಯ್ಯಿಯ ಲಕೋಟೆ ಲೇಸು. ಆ ಕಂಬವನ್ನು ಘಾಟಿ ಇಳಿಸುವ ಕಷ್ಟ ಮದುಮಕ್ಕಳದ್ದೇ ಅಲ್ಲವೇ.

ಬೆಟ್ಟದ ಚೀಲದಲ್ಲಿ ಉಣ್ಣೆಯ ಟೋಪಿ, ಬೆಚ್ಚನೆಯ ಜಾಕೆಟ್, ಮಳೆಯಂಗಿ, ಟಾರ್ಚ್, ಹಳೆಯದಾಗಿ ಕಾಲಿಗೆ ಒಗ್ಗಿದ ಬೂಟು ಇರಲಿ. ಚೋಪ್ತಾದಲ್ಲಿ ಮೇ ತಿಂಗಳಲ್ಲೂ ರಾತ್ರಿ ಹಲ್ಲು ಕಟಕಟಿಸುತ್ತದೆ. ಅಲ್ಲಿ ವಿದ್ಯುತ್ತನ್ನು ನಂಬಬೇಡಿ, ಪವರ್ ಬ್ಯಾಂಕ್ ತುಂಬಿಸಿಕೊಳ್ಳಿ. ನಗದನ್ನು ಗುಪ್ತಕಾಶಿಯಲ್ಲೋ ಉಖೀಮಠದಲ್ಲೋ ತೆಗೆದುಕೊಳ್ಳಿ.

ನಾಲ್ಕು ದಿನ

ಮದುವೆಯ ಮರುದಿನ ನಸುಕಿನಲ್ಲೇ ಹೊರಟು, ಗುಪ್ತಕಾಶಿ ಇಳಿದು, ಕುಂಡ್ ಬಳಿ ಮಂದಾಕಿನಿ ದಾಟಿ, ಉಖೀಮಠದ ಮೇಲಿನಿಂದ ಸಾರಿ ಗ್ರಾಮ ಸೇರಿ. ಊರಿನ ಮನೆಗಳಲ್ಲೇ ಕೋಣೆ ಸಿಗುತ್ತದೆ, ರಾಜ್ಮಾ ಅನ್ನವೂ. ಮರುದಿನ ಬೆಳಿಗ್ಗೆ ಸುಮಾರು ಮೂರು ಕಿಲೋಮೀಟರ್ ಏರಿದರೆ ದೇವರಿಯಾ ತಾಲ್. ಗಾಳಿ ಏಳುವ ಮೊದಲು ತಲುಪಿದರೆ 7,138 ಮೀಟರಿನ ಚೌಖಂಬಾ ಶಿಖರ ಕೆರೆಯ ನೀರಿನಲ್ಲಿ ತಲೆಕೆಳಗಾಗಿ ನಿಂತಿರುತ್ತದೆ. ದಡದಲ್ಲೇ ಡೇರೆ ಹೊಡೆಯುವ ಆಸೆಯಿದ್ದರೆ ಮೊದಲು ಅರಣ್ಯ ಇಲಾಖೆಯವರನ್ನು ಕೇಳಿ. ಬುಗ್ಯಾಲ್, ಅಂದರೆ ಎತ್ತರದ ಹುಲ್ಲುಗಾವಲುಗಳಲ್ಲಿ ರಾತ್ರಿ ತಂಗುವುದನ್ನು ಉತ್ತರಾಖಂಡ ಹೈಕೋರ್ಟ್ 2018ರಲ್ಲಿ ನಿಷೇಧಿಸಿತ್ತು. ಅಲ್ಲಿಂದ ಇಳಿದು ಜೀಪಿನಲ್ಲಿ ಚೋಪ್ತಾ.

ಮೂರನೆಯ ದಿನ ತುಂಗನಾಥ. ಸುಮಾರು ನಾಲ್ಕು ಕಿಲೋಮೀಟರಿನ ಕಲ್ಲು ಹಾಸಿದ ದಾರಿ, ಅಲ್ಲಿಂದ ಚಂದ್ರಶಿಲಾಕ್ಕೆ ಇನ್ನೊಂದೂವರೆ. ಸೂರ್ಯೋದಯಕ್ಕೆಂದು ನಡುರಾತ್ರಿ ಎದ್ದು ಓಡುವವರಿದ್ದಾರೆ. ಕರಡಿಗಳಿರುವ ಕಾಡಿನಲ್ಲಿ ಕತ್ತಲಲ್ಲಿ ನಡೆಯುವುದು ನನಗೆ ಸರಿಕಾಣದು. ಐದಕ್ಕೆ ಹೊರಟು ಒಂಬತ್ತರೊಳಗೆ ತುದಿ ಮುಟ್ಟಿದರೆ ಮೋಡ ಮುಸುಕುವ ಮೊದಲೇ ನಂದಾದೇವಿ, ತ್ರಿಶೂಲ, ಚೌಖಂಬಾ ಕಾಣುತ್ತವೆ. ಇಳಿಯುವಾಗ ಹಾದಿಯ ತಿರುವಿನಲ್ಲಿ ಮೋನಾಲ್ ಹಕ್ಕಿ ಎದುರಾಯಿತು. ನೆರಳಿನಲ್ಲಿದ್ದಾಗ ಕಪ್ಪು ಕೋಳಿಯಂತಿತ್ತು. ಒಂದು ಹೆಜ್ಜೆ ಬಿಸಿಲಿಗಿಟ್ಟಿತು ನೋಡಿ, ಕುತ್ತಿಗೆಯ ಮೇಲೆ ತಾಮ್ರ, ಹಸಿರು, ನೀಲಿ ಒಂದರ ಮೇಲೊಂದು ಹರಿದವು. ಬೂಟಿನ ಮಣ್ಣು ಮೆತ್ತಿದ್ದ ಸೀರೆಯ ಬಣ್ಣವೂ ಅದೇ ಎಂದು ಗೆಳತಿ ನಿಟ್ಟುಸಿರಿಟ್ಟಳು.

ನಾಲ್ಕನೆಯ ದಿನ ಇಳಿಜಾರು. ಜೂನ್ ಕಳೆಯುತ್ತಿದ್ದಂತೆ ಮುಂಗಾರು ಬಂದು ಗುಡ್ಡ ಜರಿಯುತ್ತದೆ, ಮೇ ತಿಂಗಳ ಮಳೆಗೂ ರಸ್ತೆ ಮುಚ್ಚಬಹುದು. ಹಾಗಾಗಿ ವಿಮಾನಕ್ಕೂ ನಿಮಗೂ ನಡುವೆ ಒಂದು ದಿನ ಖಾಲಿ ಬಿಡಿ. ಇಳಿಯುವಾಗ ಉಖೀಮಠದಲ್ಲಿ ನಿಲ್ಲಿ. ಚಳಿಗಾಲದಲ್ಲಿ ಕೇದಾರನಾಥನ ಪೂಜೆ ನಡೆಯುವುದು ಇಲ್ಲಿನ ಓಂಕಾರೇಶ್ವರ ದೇವಸ್ಥಾನದಲ್ಲಿ. ಬಾಣಾಸುರನ ಮಗಳು ಉಷೆಗೂ ಅನಿರುದ್ಧನಿಗೂ ಲಗ್ನವಾದದ್ದೂ ಇಲ್ಲೇ ಎನ್ನುತ್ತಾರೆ. ಕೇದಾರದ ರಾವಲರು, ಅಂದರೆ ಪ್ರಧಾನ ಅರ್ಚಕರು, ಪರಂಪರೆಯಿಂದ ಕರ್ನಾಟಕ ಮೂಲದ ವೀರಶೈವ ಜಂಗಮರು. ನಾವು ಪ್ರಾಂಗಣದಲ್ಲಿ ಬೂಟಿನ ದಾರ ಬಿಚ್ಚುತ್ತಾ ಮಾತನಾಡುತ್ತಿದ್ದಾಗ ಪೂಜೆ ಮುಗಿಸಿ ಬಂದ ಸ್ವಾಮಿಯೊಬ್ಬರು ನಿಂತು “ಯಾವ ಊರಿನವರು?” ಎಂದು ಕನ್ನಡದಲ್ಲೇ ಕೇಳಿದರು. ಊರು ಹೇಳಿದೆವು, ಮದುವೆಯ ಕತೆ ಹೇಳಿದೆವು. ಆಕಾಶ ನೋಡಿ, “ದರ್ಶನ ಮಾಡಿಕೊಂಡು ಬೇಗ ಹೊರಡಿ, ಮಧ್ಯಾಹ್ನ ದಾಟಿದರೆ ಮಳೆ” ಎಂದರು. ಹೊರಟೆವು. ಕುಂಡ್ ಸೇತುವೆ ತಲುಪುವಷ್ಟರಲ್ಲಿ ಜೀಪಿನ ಗಾಜಿನ ಮೇಲೆ ಹನಿ ಬಿದ್ದವು.