ಸೀಳು ತುಟಿಯ ವಿಡಿಯೋ: ಯಾವುದನ್ನು ಕಳಿಸುತ್ತೇನೆ, ಯಾವುದನ್ನು ಬಿಡುತ್ತೇನೆ

ನಾನು ಕಲಬುರಗಿಯಲ್ಲಿ ಸ್ಪೀಚ್ ಥೆರಪಿಸ್ಟ್. ಸೀಳು ತುಟಿ, ಸೀಳು ಅಂಗುಳ (ಬಾಯಿಯ ಒಳಗಿನ ಮೇಲ್ಭಾಗ ಕೂಡದೆ ಸೀಳಾಗಿ ಉಳಿಯುವುದು) ಇರುವ ಮಕ್ಕಳ ಮನೆಯವರು ಈಗ ನಮ್ಮ ಹತ್ತಿರ ಬರುವ ಮುಂಚೆಯೇ ಯೂಟ್ಯೂಬ್ ನೋಡಿರುತ್ತಾರೆ. ಆಳಂದದಿಂದ ಬರಲಿ, ಚಿಂಚೋಳಿಯಿಂದ ಬರಲಿ, ಫೋನಿನಲ್ಲಿ ಅವೇ ವಿಡಿಯೋಗಳು. ಹೆಚ್ಚಿನವು ಹಿಂದಿ, ಕೆಲವು ತೆಲುಗು, ಕನ್ನಡದ್ದು ಕಡಿಮೆ. ನೋಡಬೇಡಿ ಅಂದರೆ ಯಾರು ಕೇಳುತ್ತಾರೆ? ಅದಕ್ಕೇ ನಾನೇ ಕೂತು ನೋಡಿ, ಒಳ್ಳೆಯದನ್ನು ಆರಿಸಿ ಅವರ ವಾಟ್ಸಾಪ್‌ಗೆ ಕಳಿಸುವುದನ್ನು ರೂಢಿ ಮಾಡಿಕೊಂಡೆ.

ಅಳೆಯಲು ಡಿಸ್ಕರ್ನ್ ಅನ್ನೋ ಪ್ರಶ್ನೆಪಟ್ಟಿ ಇದೆ. ಚಿಕಿತ್ಸೆಯ ಬಗ್ಗೆ ಬರೆದ ಮಾಹಿತಿಯನ್ನು ಎಷ್ಟು ನಂಬಬಹುದು ಅಂತ ನೋಡಲು ಇಂಗ್ಲೆಂಡಿನಲ್ಲಿ 1990ರ ದಶಕದಲ್ಲಿ ಮಾಡಿದ್ದು. ಈಗ ವಿಡಿಯೋಗಳಿಗೂ ಬಳಸುತ್ತಾರೆ. 16 ಪ್ರಶ್ನೆ, ಒಂದೊಂದಕ್ಕೆ 1ರಿಂದ 5 ಅಂಕ. ಮಾಹಿತಿ ಎಲ್ಲಿಂದ ಬಂತು, ಯಾವಾಗಿನದು, ಅಪಾಯ ಹೇಳಿದ್ದಾರಾ, ಚಿಕಿತ್ಸೆ ಮಾಡಿಸದಿದ್ದರೆ ಏನಾಗುತ್ತದೆ ಅಂತ ಹೇಳಿದ್ದಾರಾ, ಹೀಗೆ. ತುಂಬಾ ಉಪಯೋಗದ ಪಟ್ಟಿ. ಆದರೆ ಅದರಲ್ಲಿ ಒಳ್ಳೆ ಅಂಕ ಬಂದ ವಿಡಿಯೋ ಕೂಡ, ಐದು ದಿನದ ಕೂಸನ್ನು ಮಡಿಲಲ್ಲಿ ಇಟ್ಟುಕೊಂಡ ತಾಯಿಗೆ ಏನೂ ಕೊಡದೇ ಇರಬಹುದು. ಅವಳಿಗೆ ಬೇಕಾದದ್ದು ಒಂದೇ. ಹಾಲು ಹೇಗೆ ಕುಡಿಸಲಿ?

ಹಾಗಾಗಿ ನಾನು ಮೊದಲು ನೋಡುವುದು ಹಾಲಿನ ಭಾಗ. ತುಟಿ ಮಾತ್ರ ಸೀಳಿದ್ದರೆ ಎಷ್ಟೋ ಮಕ್ಕಳು ಎದೆಹಾಲು ಕುಡಿಯುತ್ತವೆ. ಅಂಗುಳ ಸೀಳಿದ್ದರೆ ಕಷ್ಟ, ಯಾಕಂದರೆ ಬಾಯಿ ಮೂಗು ಒಂದೇ ಆಗಿರುತ್ತದೆ, ಚೀಪಿ ಎಳೆಯಲು ಆಗುವುದಿಲ್ಲ. ಒಬ್ಬ ತಾಯಿ ತೋರಿಸಿದ ವಿಡಿಯೋದಲ್ಲಿ ಕೂಸನ್ನು ಅಂಗಾತ ಮಲಗಿಸಿ ಚಮಚದಿಂದ ಹಾಲು ಸುರಿಯುತ್ತಿದ್ದರು. "ಇದ್ರಾಗ ಹಿಂಗ ಕುಡಿಸ್ಯಾರ್ರಿ ಮೇಡಂ" ಅಂದಳು. ಅಲ್ಲೇ ನಿಲ್ಲಿಸಿ ಕೂಸಿನ ಕತ್ತು ತೋರಿಸಿದೆ. ತಲೆ ಎತ್ತರದಲ್ಲಿರಬೇಕು, ಕೂತ ಹಾಗೆ ಹಿಡಿಯಬೇಕು. ಒಳಲೆ ಇರಲಿ, ಚಮಚ ಇರಲಿ, ಮೆತ್ತನೆಯ ಹಿಂಡುವ ಬಾಟಲಿ ಇರಲಿ, ಸ್ವಲ್ಪ ಸ್ವಲ್ಪವೇ ಬಿಡಬೇಕು, ನಡುನಡುವೆ ಬೆನ್ನು ತಟ್ಟಿ ತೇಗು ಬರಿಸಬೇಕು. ಅರ್ಧ ಗಂಟೆಗಿಂತ ಜಾಸ್ತಿ ಎಳೆದರೆ ಕುಡಿದ ಹಾಲೆಲ್ಲ ದಣಿವಿಗೇ ಹೋಗುತ್ತದೆ, ತೂಕ ಏರಲ್ಲ, ತೂಕ ಏರದಿದ್ದರೆ ಆಪರೇಷನ್ ಮುಂದಕ್ಕೆ ಹೋಗುತ್ತದೆ.

ಇನ್ನೊಂದು ಜಾತಿ 'ಮೊದಲು–ಆಮೇಲೆ' ವಿಡಿಯೋ. ಸೀಳಿದ ತುಟಿ, ಸಂಗೀತ, ಹೊಲಿದ ತುಟಿ, ಫೋನ್ ನಂಬರ್. ಧೈರ್ಯ ಕೊಡುತ್ತದೆ, ನಿಜ. ಆದರೆ ಇಷ್ಟಕ್ಕೇ ಮುಗಿಯಿತು ಅಂದುಕೊಂಡ ಮನೆಯವರು ಮುಂದೆ ಬರುವುದನ್ನೇ ಬಿಡುತ್ತಾರೆ. ತುಟಿಗೆ ಸಾಮಾನ್ಯವಾಗಿ 3ರಿಂದ 6 ತಿಂಗಳಲ್ಲಿ, ಅಂಗುಳಕ್ಕೆ 9ರಿಂದ 18 ತಿಂಗಳಲ್ಲಿ ಆಪರೇಷನ್. ಅಂಗುಳ ಸೀಳಿದ ಮಕ್ಕಳಿಗೆ ಕಿವಿಯೊಳಗೆ ನೀರು ನಿಂತು ಕೇಳಿಸುವುದು ಕಡಿಮೆ ಆಗುತ್ತದೆ, ಅದನ್ನು ಪರೀಕ್ಷೆ ಮಾಡಿಸುತ್ತಿರಬೇಕು. ವಸಡಿನ ಎಲುಬು ಸೀಳಿದ್ದರೆ ಹಲ್ಲು ಬದಲಾಗುವ ವಯಸ್ಸಿನಲ್ಲಿ ಅದಕ್ಕೂ ಆಪರೇಷನ್ ಬೇಕಾಗುತ್ತದೆ. ಮಾತಿನ ತರಬೇತಿಯಂತೂ ಇದ್ದೇ ಇದೆ.

ಮಾತಿನ ವಿಡಿಯೋಗಳಲ್ಲಿ ನನಗೆ ತುಂಬಾ ಬೇಸರ ತರುವುದು ಬಲೂನ್ ಊದಿಸುವುದು. ಊದಿ ಊದಿ ಅಂಗುಳ ಗಟ್ಟಿಯಾಗುತ್ತದೆ, ಮಾತು ಸರಿಹೋಗುತ್ತದೆ ಅಂತ ಹೇಳುತ್ತಾರೆ. ಹಾಗೆ ಆಗಲ್ಲ. ಊದುವುದೇ ಬೇರೆ, ಮಾತಾಡುವುದೇ ಬೇರೆ. ನಾನು ಮೂಗಿನ ಕೆಳಗೆ ಸಣ್ಣ ಕನ್ನಡಿ ಹಿಡಿದು ಮಗುವಿಗೆ "ಪಪ್ಪ" ಅನ್ನು ಅನ್ನುತ್ತೇನೆ. ಕನ್ನಡಿ ಮಂಜಾದರೆ ಗಾಳಿ ಮೂಗಿನಿಂದ ಸೋರುತ್ತಿದೆ ಅಂತ. ಅಂಗುಳದಲ್ಲಿ ಸಂದಿ ಉಳಿದಿದ್ದರೆ ಎಷ್ಟು ಬಲೂನ್ ಒಡೆದರೂ ಪ್ರಯೋಜನ ಇಲ್ಲ, ಸರ್ಜನ್ ಹತ್ತಿರವೇ ಕಳಿಸಬೇಕು.

ತಾಯಿಯ ಮೇಲೆ ತಪ್ಪು ಹೊರಿಸುವ ವಿಡಿಯೋವನ್ನು ಮಾತ್ರ ಅಂಕ ಹಾಕಲಿಕ್ಕೂ ಕೂರಲ್ಲ. "ಗ್ರಹಣದಾಗ ಹೊರಗ ಬಂದಿದ್ಳ್ರಿ, ಅದಕ್ಕ ಹಿಂಗಾಗ್ಯಾದ" ಅಂತ ಅತ್ತೆ ಹೇಳುವಾಗ ಸೊಸೆ ತಲೆ ತಗ್ಗಿಸಿ ಕೂತಿರುತ್ತಾಳೆ. 2019ರ ಡಿಸೆಂಬರ್ 26ರ ಸೂರ್ಯಗ್ರಹಣದ ದಿನ ನಮ್ಮ ಪಕ್ಕದ ತಾಜಸುಲ್ತಾನಪುರದಲ್ಲಿ ವಾಸಿಯಾಗುತ್ತದೆ ಅಂತ ಅಂಗವಿಕಲ ಮಕ್ಕಳನ್ನು ಕತ್ತಿನವರೆಗೆ ಮಣ್ಣಲ್ಲಿ ಹೂತದ್ದು ನೆನಪಿದೆ ಅಲ್ವಾ? ಆ ನಂಬಿಕೆಗೆ ಇನ್ನೊಂದು ವಿಡಿಯೋ ಸೇರುವುದು ಬೇಡ. ತುಟಿ ಕೂಡಿಕೊಳ್ಳುವುದು ಬಸಿರಿನ 4ರಿಂದ 7ನೇ ವಾರದಲ್ಲಿ, ಅಂಗುಳ 6ರಿಂದ 9ನೇ ವಾರದಲ್ಲಿ. ವಂಶದ ಗುಣ, ಸಕ್ಕರೆ ಕಾಯಿಲೆ, ಧೂಮಪಾನ, ಫಿಟ್ಸ್‌ನ ಕೆಲವು ಮಾತ್ರೆ, ಹೀಗೆ ಹಲವು ಸೇರಿ ಆಗುತ್ತದೆ, ಬಹಳ ಸಲ ಇದೇ ಕಾರಣ ಅಂತ ಬೆರಳು ಮಾಡಲು ಬರಲ್ಲ. ಫಿಟ್ಸ್ ಮಾತ್ರೆಯನ್ನು ತಾವಾಗಿಯೇ ನಿಲ್ಲಿಸಬಾರದು ಅಂತಲೂ ಹೇಳುತ್ತೇನೆ.

ದುಡ್ಡಿನ ಮಾತೂ ಅಷ್ಟೇ. ಪ್ಯಾಕೇಜ್ ರೇಟ್ ಹೇಳುವ ವಿಡಿಯೋಗಳು 2013ರಿಂದ ಇರುವ ಸರ್ಕಾರದ ಆರ್‌ಬಿಎಸ್‌ಕೆ (ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ) ಯೋಜನೆಯ ಹೆಸರೇ ಎತ್ತಲ್ಲ. 18 ವರ್ಷದೊಳಗಿನ ಮಕ್ಕಳಿಗೆ ಸೀಳು ತುಟಿ, ಅಂಗುಳದ ಚಿಕಿತ್ಸೆ ಅದರಲ್ಲಿ ಉಚಿತ. ಆಶಾ ಕಾರ್ಯಕರ್ತೆಯನ್ನು ಕೇಳಿದರೆ ದಾರಿ ಹೇಳುತ್ತಾರೆ.

ಕಳಿಸಿ ಸುಮ್ನೆ ಬಿಡುವುದಿಲ್ಲ. ತಾಯಿ, ಅತ್ತೆ ಇಬ್ಬರನ್ನೂ ಕೂರಿಸಿಕೊಂಡು, ಹಿಂದಿ ವಿಡಿಯೋ ಆದರೆ ಸೌಂಡ್ ತೆಗೆದು, ನಮ್ಮ ಮಾತಿನಲ್ಲೇ ಹೇಳುತ್ತಾ ತೋರಿಸುತ್ತೇನೆ. ಕ್ಯಾಮೆರಾ ಹಿಡಿಯಲು ಬರುವ ನರ್ಸ್‌ಗಳು, ಡಾಕ್ಟರುಗಳು ಯಾರಾದರೂ ಇದನ್ನು ಓದುತ್ತಿದ್ದರೆ ದಯವಿಟ್ಟು ನಮ್ಮ ಕಡೆಯ ಕನ್ನಡದಲ್ಲಿ ಹಾಲು ಕುಡಿಸುವ ಒಂದು ವಿಡಿಯೋ ಮಾಡಿ. ಐದು ನಿಮಿಷದ್ದು ಸಾಕು, ಕೂಸಿನ ಕತ್ತು, ತಾಯಿಯ ಕೈ ಸರಿಯಾಗಿ ಕಾಣಬೇಕು, ಕೆಳಗೆ ಮಾಡಿದವರ ಹೆಸರು, ತಾರೀಕು ಹಾಕಿ.