ಕಂಪ್ಯೂಟರ್‌ಗೆ ಆಂಪ್ಲಿಫೈಯರ್ ಜೋಡಿಸಿ, ಗುಂಯ್ ಸದ್ದಿಲ್ಲದೆ ಹಾಡು ಕೇಳಿ

ಎಷ್ಟೋ ಮನೆಗಳಲ್ಲಿ ಒಳ್ಳೆಯ ಆಂಪ್ಲಿಫೈಯರ್, ದೊಡ್ಡ ಸ್ಪೀಕರ್‌ಗಳು ಧೂಳು ತಿನ್ನುತ್ತಿರುತ್ತವೆ. ಹಾಡು ಮಾತ್ರ ಕಂಪ್ಯೂಟರ್ ಪಕ್ಕದ ಪುಟ್ಟ ಪ್ಲಾಸ್ಟಿಕ್ ಸ್ಪೀಕರ್‌ನಲ್ಲಿ. ಯಾಕೆ ಅಂದರೆ, ‘ಒಮ್ಮೆ ಜೋಡಿಸಿದ್ದೆ, ಬರೀ ಗುಂಯ್ ಅಂತಿತ್ತು’ ಎನ್ನುತ್ತಾರೆ. ಅಷ್ಟಕ್ಕೇ ಕೈಬಿಡಬೇಡಿ.

ಮೊದಲು ಕೇಬಲ್. ಒಂದು ತುದಿಗೆ 3.5 ಎಂಎಂ ಸ್ಟೀರಿಯೊ ಪಿನ್, ಇನ್ನೊಂದಕ್ಕೆ ಕೆಂಪು-ಬಿಳಿ ಆರ್‌ಸಿಎ ಪಿನ್‌ಗಳು. 2 ಮೀಟರ್ ಸಾಕು. ಶಾವಿಗೆಯಷ್ಟು ತೆಳ್ಳಗಿರುವುದನ್ನು ಕೊಳ್ಳಲೇಬೇಡಿ, ಪಿನ್ ಬುಡದಲ್ಲೇ ತುಂಡಾಗುತ್ತದೆ. ಚಿನ್ನದ ಲೇಪ ಅಂತ ಸಾವಿರಗಟ್ಟಲೆ ಕೊಡುವುದೂ ದಂಡ.

ಎರಡನ್ನೂ ಆಫ್ ಮಾಡಿ, ವಾಲ್ಯೂಮ್ ಪೂರ್ತಿ ಇಳಿಸಿ. ಸಣ್ಣ ಪಿನ್ ಕಂಪ್ಯೂಟರಿನ ಹಸಿರು ತೂತಿಗೆ. ಗುಲಾಬಿ ಬಣ್ಣದ್ದು ಮೈಕಿಗೆ. ಕೆಂಪು ಬಲಕ್ಕೆ, ಬಿಳಿ ಎಡಕ್ಕೆ. ಆಂಪ್ಲಿಫೈಯರ್ ಹಿಂದೆ ‘ಆಕ್ಸ್’ ಅಥವಾ ‘ಸಿಡಿ’ ಎಂದಿರುವಲ್ಲಿ. ‘ಫೋನೊ’ಗೆ ಮಾತ್ರ ಹಾಕಬೇಡಿ. ಅದು ರೆಕಾರ್ಡ್ ಪ್ಲೇಯರ್ ಸೂಜಿಯಿಂದ ಬರುವ ಕೆಲವೇ ಮಿಲಿವೋಲ್ಟ್‌ಗಾಗಿ ಇರುವುದು. ಕಂಪ್ಯೂಟರಿನಲ್ಲಿ ಸದ್ದು ಹೊರಡಿಸುವ ಸೌಂಡ್ ಕಾರ್ಡ್ ಕೊಡುವುದು 1 ವೋಲ್ಟ್ ಆಸುಪಾಸು. ಹಾಡು ಒಡೆದು ಕರ್ಕಶವಾಗುತ್ತದೆ.

ಈಗ ಗುಂಯ್ ವಿಷಯ. ಕೇಬಲ್ ಹಾಕುವ ಮೊದಲು ಆಂಪ್ಲಿಫೈಯರ್ ಒಂದನ್ನೇ ಆನ್ ಮಾಡಿ. ಆಗಲೂ ಗುಂಯ್ ಅಂದರೆ ರಿಪೇರಿ ಅಂಗಡಿಗೆ ಒಯ್ಯಿರಿ. ಕೇಬಲ್ ಹಾಕಿದ ಮೇಲೆ ಶುರುವಾದರೆ, ಲ್ಯಾಪ್‌ಟಾಪಿನ ಚಾರ್ಜರ್ ಎಳೆದು ನೋಡಿ. ಸದ್ದು ಥಟ್ಟನೆ ನಿಂತಿತಾ? ಹಾಗಾದರೆ ತೊಂದರೆ ಅರ್ಥಿಂಗ್‌ನಲ್ಲಿದೆ. ಎರಡು ಕಡೆಯ ಅರ್ಥಿಂಗ್ ನಡುವೆ ಚೂರು ವೋಲ್ಟೇಜ್ ವ್ಯತ್ಯಾಸ ಇರುತ್ತದೆ. ನಮ್ಮ ಕೇಬಲ್ ಅವೆರಡನ್ನೂ ಕೂಡಿಸುತ್ತದೆ, ಅದರೊಳಗೇ ಕರೆಂಟ್ ಹರಿಯುತ್ತದೆ. ಮನೆಯ ಕರೆಂಟು 50 ಹರ್ಟ್ಸ್ ಅಲ್ವಾ, ಅದೇ ಸ್ಪೀಕರ್‌ನಲ್ಲಿ ಗುಂಯ್‌ಗುಡುವುದು.

ಎರಡನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಿ. ಬಹಳಷ್ಟು ಸಲ ಇಷ್ಟಕ್ಕೇ ಸರಿಹೋಗುತ್ತದೆ. ಆಂಪ್ಲಿಫೈಯರ್‌ಗೆ ಟಿವಿಯನ್ನೂ ಜೋಡಿಸಿದ್ದರೆ, ಟಿವಿಗೆ ಬರುವ ಕೇಬಲ್ ವೈರನ್ನು ಒಮ್ಮೆ ಕಳಚಿ ನೋಡಿ. ಅದೂ ಹೊರಗಿನಿಂದ ಅರ್ಥಿಂಗ್ ತರುತ್ತದೆ.

ಪರಿಚಯದವರೊಬ್ಬರು ಆಂಪ್ಲಿಫೈಯರ್ ಪ್ಲಗ್ಗಿನ ದಪ್ಪ ಪಿನ್ನನ್ನೇ, ಅಂದರೆ ಅರ್ಥಿಂಗ್ ಪಿನ್ನನ್ನೇ ಕಿತ್ತಿದ್ದರು. ಗುಂಯ್ ನಿಂತಿತ್ತು, ಆದರೆ ಡಬ್ಬಿಗೆ ಮುಂಗೈ ತಾಗಿದರೆ ಜುಮ್ ಎನ್ನುತ್ತಿತ್ತು. ಒಳಗೆ ವೈರು ಸಡಿಲವಾಗಿ ತಗಡಿಗೆ ತಾಗಿದರೆ ಪ್ರಾಣಕ್ಕೇ ಕುತ್ತು. ದಯವಿಟ್ಟು ಆ ಪಿನ್ ಮುಟ್ಟಬೇಡಿ.

ಇನ್ನೂ ಗುಂಯ್ ಹೋಗದಿದ್ದರೆ ಗ್ರೌಂಡ್ ಲೂಪ್ ಐಸೊಲೇಟರ್ ಎಂಬ ಸಣ್ಣ ಡಬ್ಬಿ ಸಿಗುತ್ತದೆ. ಕೇಬಲ್ ನಡುವೆ ಹಾಕಿದರೆ ಎರಡು ಕಡೆಯ ಅರ್ಥಿಂಗ್ ಕೂಡದಂತೆ ತಡೆಯುತ್ತದೆ. ತೀರಾ ಅಗ್ಗದ್ದು ಮೃದಂಗದ ಎಡಭಾಗದ ನಾದವನ್ನೇ ನುಂಗಿಬಿಡುತ್ತದೆ. ಎರಡೂ ಕಡೆ ಆಪ್ಟಿಕಲ್ ಕಿಂಡಿ ಇದ್ದರೆ ಕಣ್ಣುಮುಚ್ಚಿ ಅದನ್ನೇ ಬಳಸಿ. ಅದರಲ್ಲಿ ಹೋಗುವುದು ಬರೀ ಬೆಳಕು, ಕರೆಂಟ್ ಅಲ್ಲ.

ಮೌಸ್ ಆಡಿಸಿದಾಗ ಚಿರ್ರ್ ಎನ್ನುವುದು ಬೇರೆ ಕಾಯಿಲೆ, ಕಂಪ್ಯೂಟರ್ ಒಳಗಿನದು. ಯುಎಸ್‌ಬಿ ಸೌಂಡ್ ಕಾರ್ಡ್ ಹಾಕಿದರೆ ಸಾಮಾನ್ಯವಾಗಿ ಹೋಗುತ್ತದೆ.

ಕಂಪ್ಯೂಟರ್ ವಾಲ್ಯೂಮ್ 90ರ ಹತ್ತಿರ ಇಡಿ, ಬಾಸ್ ಬೂಸ್ಟ್ ತೆಗೆಯಿರಿ, ಸದ್ದು ಏರಿಸುವುದು ಇಳಿಸುವುದು ಆಂಪ್ಲಿಫೈಯರ್‌ನಲ್ಲೇ ಮಾಡಿ. ಮುಗಿಸುವಾಗ ಮೊದಲು ಆಂಪ್ಲಿಫೈಯರ್ ಆಫ್, ಆಮೇಲೆ ಕಂಪ್ಯೂಟರ್. ಇಲ್ಲದಿದ್ದರೆ ಸ್ಪೀಕರ್ ಧಡ್ ಅನ್ನುತ್ತದೆ.