ಜುಲೈ 4ರ ಬಾಡೂಟಕ್ಕೆ 3ರ ರಾತ್ರಿಯೇ ಕೆಂಡ

ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಬಾರ್ಬೆಕ್ಯೂ ಅಂದರೆ ಬರ್ಗರ್ ಮಗುಚಿ ಹಾಕುವುದಲ್ಲ. ಸಣ್ಣ ಶಾಖದಲ್ಲಿ, ಕಟ್ಟಿಗೆ ಹೊಗೆಯಲ್ಲಿ, ಗಂಟೆಗಟ್ಟಲೆ ಬೆಂದ ಮಾಂಸ. ರಾಲಿಯಲ್ಲೋ ಅಟ್ಲಾಂಟಾದಲ್ಲೋ ಇರುವ ನಮ್ಮವರು ಸ್ವಾತಂತ್ರ್ಯ ದಿನದ ರಜೆಗೆ ಈ ಊಟ ಹಾಕುವುದಾದರೆ, ಬಡಿಸುವ ಹೊತ್ತಿನಿಂದ ಹಿಂದಕ್ಕೆ ಲೆಕ್ಕ ಹಾಕಬೇಕು.

ಮೊದಲು ಮಾಂಸ. ಒಂದೇ ಬಗೆ ಸಾಕು. ಟೆಕ್ಸಸ್‌ನವರಿಗೆ ದನದ ಬ್ರಿಸ್ಕೆಟ್ (ಎದೆಭಾಗದ ಮಾಂಸ), ಮೆಂಫಿಸ್‌ನವರಿಗೆ ಹಂದಿ ಪಕ್ಕೆಲುಬು, ಕೆರೊಲಿನಾದವರಿಗೆ ಹಂದಿ ಭುಜ. ಹೊಸಬರಿಗೆ ಭುಜವೇ ವಾಸಿ. ಕೊಬ್ಬು ಜಾಸ್ತಿ ಇರುವುದರಿಂದ ಸ್ವಲ್ಪ ಹೆಚ್ಚು ಬೆಂದರೂ ಒಣಗುವುದಿಲ್ಲ. ಅಂಗಡಿಯಲ್ಲಿ ‘ಬಾಸ್ಟನ್ ಬಟ್’ ಕೇಳಿ, ಭುಜದ ಮೇಲ್ಭಾಗಕ್ಕೆ ಅಲ್ಲಿ ಅದೇ ಹೆಸರು. ಬೆಂದ ಮೇಲೆ ತೂಕ ಅರ್ಧದ ಹತ್ತಿರಕ್ಕೆ ಇಳಿಯುತ್ತದೆ. ಹಾಗಾಗಿ 12 ಜನಕ್ಕೆ 3.5 ಕೆಜಿ ಬೇಕು.

ಮಧ್ಯಾಹ್ನ ಒಂದಕ್ಕೆ ಊಟ ಅಂದರೆ ಹಿಂದಿನ ರಾತ್ರಿ ಒಂಬತ್ತರ ಸುಮಾರಿಗೆ ಒಲೆ ಹಚ್ಚಿ. ಉಪ್ಪು, ಕಾಳುಮೆಣಸು, ಪ್ಯಾಪ್ರಿಕಾ, ಕಂದು ಸಕ್ಕರೆ ಸವರಿದ ಮಾಂಸ ಒಂದು ಬದಿಗೆ, ಕೆಂಡ ಇನ್ನೊಂದು ಬದಿಗೆ. ಕೆಂಡದ ಮೇಲೆರಡು ಹಿಕರಿ ಮರದ ತುಂಡು, ಮುಚ್ಚಳ. ಒಳಗೆ 225 ಡಿಗ್ರಿ ಫ್ಯಾರನ್‌ಹೀಟ್ ನಿಲ್ಲಬೇಕು.

ನಡುರಾತ್ರಿ ಕಳೆದ ಮೇಲೆ ಒಂದು ಪರೀಕ್ಷೆ ಇದೆ. ಮಾಂಸದ ಒಳಶಾಖ 160ರ ಆಸುಪಾಸಿಗೆ ಬಂದು ಗಂಟೆಗಟ್ಟಲೆ ಅಲ್ಲಾಡುವುದೇ ಇಲ್ಲ. ಮೇಲ್ಮೈಯ ನೀರು ಆರುತ್ತಾ ಮಾಂಸವನ್ನು ತಂಪು ಮಾಡುವುದೇ ಕಾರಣ, ನಮ್ಮ ಬೆವರಿನ ಹಾಗೆ. ಗಾಬರಿಯಾಗಿ ಕೆಂಡ ಸುರಿಯಬೇಡಿ. ಅವಸರವಿದ್ದರೆ ಫಾಯಿಲ್ ಸುತ್ತಿ, ಅಷ್ಟೇ. 200 ಮುಟ್ಟಿದಾಗ ಮೂಳೆ ಹಿಡಿದು ತಿರುಗಿಸಿ, ಸಲೀಸಾಗಿ ಕೈಗೆ ಬರುತ್ತದೆ. ಟವೆಲ್ ಸುತ್ತಿ, ಐಸ್ ಇಲ್ಲದ ಕೂಲರ್ ಪೆಟ್ಟಿಗೆಯಲ್ಲಿ ಒಂದು ಗಂಟೆ ಇಟ್ಟು, ಆಮೇಲೆ ಎಳೆ ಎಳೆಯಾಗಿ ಬಿಡಿಸಿ.

ಸಾಸ್ ಹಿಂದಿನ ದಿನವೇ ಆಗಲಿ. ಪೂರ್ವ ನಾರ್ತ್ ಕೆರೊಲಿನಾದ್ದು ಬರೀ ವಿನೆಗರ್, ಕುಟ್ಟಿದ ಒಣಮೆಣಸು, ಉಪ್ಪು, ಚಿಟಿಕೆ ಸಕ್ಕರೆ. ಟೊಮೆಟೊ ಹಾಕುವಂತಿಲ್ಲ! ಸೌತ್ ಕೆರೊಲಿನಾದಲ್ಲಾದರೆ ಸಾಸಿವೆಯ ಹಳದಿ ಸಾಸ್. ಹುಳಿ-ಖಾರ ಬೇಕೆನ್ನುವ ನಮ್ಮ ನಾಲಗೆಗೆ ಮೊದಲನೆಯದೇ ಸರಿ.

ನಂಚಿಕೊಳ್ಳಲು ಕೋಲ್‌ಸ್ಲಾ (ಹೆಚ್ಚಿದ ಎಲೆಕೋಸಿನ ಸಲಾಡ್), ಆಲೂಗಡ್ಡೆ ಸಲಾಡ್. ಎರಡನ್ನೂ ಮುಂಚೆಯೇ ಮಾಡಿ ಫ್ರಿಜ್‌ನಲ್ಲಿಡಬಹುದು. ಬಿಸಿಯಾಗಿ ಕಾರ್ನ್‌ಬ್ರೆಡ್ ಮತ್ತು ಬೇಕ್ಡ್ ಬೀನ್ಸ್. ಕುಡಿಯಲು ಐಸ್ ಹಾಕಿದ ಸಿಹಿ ಟೀ, ಕೊನೆಗೆ ಪೀಚ್ ಕಾಬ್ಲರ್ (ಪೀಚ್ ಹಣ್ಣಿನ ಮೇಲೆ ಹಿಟ್ಟು ಹಾಕಿ ಬೇಯಿಸಿದ ಸಿಹಿ) ಇಲ್ಲವೇ ಸುಮ್ನೆ ಕಲ್ಲಂಗಡಿ.

ಸಸ್ಯಾಹಾರಿಗಳಿಗೆ ಸೈಡ್ ಡಿಶ್ ಇದೆಯಲ್ಲ ಅಂದುಕೊಳ್ಳಬೇಡಿ. ಅಲ್ಲಿನ ಪದ್ಧತಿಯಲ್ಲಿ ಬೀನ್ಸ್‌ಗೆ ಬೇಕನ್ (ಉಪ್ಪು ಹಾಕಿಟ್ಟ ಹಂದಿಮಾಂಸ), ಕಾಲರ್ಡ್ ಸೊಪ್ಪಿಗೆ ಹಂದಿ ಮೂಳೆ, ಕೆಲವೊಮ್ಮೆ ಕಾರ್ನ್‌ಬ್ರೆಡ್‌ಗೂ ಹಂದಿ ಕೊಬ್ಬು ಬೀಳುತ್ತದೆ. ಅವರಿಗೆ ಬೇರೆ ಪಾತ್ರೆ, ಬೇರೆ ಜಾಲರಿ ಇರಲಿ. ಸುಟ್ಟ ಜೋಳ, ಬೆಂಡೆಕಾಯಿ, ಅಲಸಂದೆ ಕಾಳು ಎಲ್ಲವೂ ಅಪ್ಪಟ ದಕ್ಷಿಣದವೇ. ಬೇಯಿಸಿದ ಕಡಲೆಕಾಯಿಯಂತೂ 2006ರಿಂದ ಸೌತ್ ಕೆರೊಲಿನಾದ ಅಧಿಕೃತ ತಿಂಡಿ. ನಮ್ಮವರಿಗೆ ಹೇಳಿಕೊಡಬೇಕಿಲ್ಲ, ಅಲ್ವಾ?

ಬಡಿಸುವಾಗ ಮೆಯೊನೀಸ್ ಹಾಕಿದ ಸಲಾಡ್ ಐಸ್ ತಟ್ಟೆಯ ಮೇಲಿರಲಿ. ಉಳಿದ ಮಾಂಸ ಎರಡು ಗಂಟೆಯೊಳಗೆ ಫ್ರಿಜ್ ಸೇರಬೇಕು. ಹೊರಗೆ ಬಿಸಿಲು 90 ಡಿಗ್ರಿ ಫ್ಯಾರನ್‌ಹೀಟ್ ದಾಟಿದ್ದರೆ ಒಂದೇ ಗಂಟೆ.